ಅಂಕಿಅಂಶದ ಕಣ್ಣಲ್ಲಿ ಬ್ಯಾಸ್ಕೆಟ್‌ಬಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಸ್ಕೆಟ್‌ಬಾಲ್ ನೋಡುವಾಗ ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಹೋಗುತ್ತದೆ. ಅಂಕಣದಲ್ಲಿ ಹತ್ತು ಜನರಿದ್ದರೂ ಚೆಂಡು ಇರುವುದು ಒಬ್ಬನ ಕೈಯಲ್ಲಿ. ಉಳಿದ ಒಂಬತ್ತು ಜನ ಏನು ಮಾಡುತ್ತಿದ್ದಾರೆ ಎಂಬುದರ ಮೇಲೆ ಆಟದ ಬಹುಪಾಲು ನಿಂತಿದೆ. ಸುಧಾರಿತ ಅಂಕಿಅಂಶಗಳಿಂದ ನನಗಾದ ದೊಡ್ಡ ಲಾಭವೆಂದರೆ ಆ ಒಂಬತ್ತು ಜನರನ್ನು ನೋಡಲು ಕಲಿತದ್ದು. ಈ ವಿಷಯ ಬಂದಾಗಲೆಲ್ಲ ಗೆಳೆಯರು, ಹೊಸ ಅಭಿಮಾನಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯವು, ಏಕೆಂದರೆ ಅತಿ ಹೆಚ್ಚು ದಾಖಲೆ ಸಿಗುವುದು ಅಲ್ಲಿಯೇ.

ಬಾಕ್ಸ್ ಸ್ಕೋರ್ ಇದೆಯಲ್ಲ, ಅದು ಸಾಲದೇ?

ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿಅಂಶದ ಪಟ್ಟಿ, ಮೊತ್ತವನ್ನು ಹೇಳುತ್ತದೆ: ಇಷ್ಟು ಅಂಕ, ಇಷ್ಟು ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿದದ್ದು), ಇಷ್ಟು ಅಸಿಸ್ಟ್ (ಬ್ಯಾಸ್ಕೆಟ್‌ಗೆ ದಾರಿಯಾದ ಪಾಸ್). ಆ ಮೊತ್ತಕ್ಕೆ ಎಷ್ಟು ಅವಕಾಶಗಳು ಖರ್ಚಾದವು ಎಂಬುದನ್ನು ನಾವೇ ಹುಡುಕಿಕೊಳ್ಳಬೇಕು. 25 ಎಸೆತಗಳಲ್ಲಿ 24 ಅಂಕ ಗಳಿಸಿದವನೂ 14 ಎಸೆತಗಳಲ್ಲಿ 24 ಅಂಕ ಗಳಿಸಿದವನೂ ಅಂಕದ ಕಾಲಂನಲ್ಲಿ ಸರಿಸಮಾನರು. ಆದರೆ ಮೊದಲನೆಯವನು ತಂಡದ ಹನ್ನೊಂದು ಅವಕಾಶಗಳನ್ನು ಹೆಚ್ಚಾಗಿ ಬಳಸಿಕೊಂಡಿದ್ದಾನೆ. "ಎಷ್ಟು ಗಳಿಸಿದ" ಎಂಬ ಪ್ರಶ್ನೆಯ ಪಕ್ಕದಲ್ಲಿ "ಎಷ್ಟು ಅವಕಾಶಕ್ಕೆ ಗಳಿಸಿದ" ಎಂಬ ಪ್ರಶ್ನೆಯನ್ನು ಇಡುವುದೇ ಸುಧಾರಿತ ಅಂಕಿಅಂಶದ ಮೊದಲ ಹೆಜ್ಜೆ.

ಇನ್ನೊಂದು ತೊಂದರೆಯಿದೆ. ಎಣಿಸಿದ್ದು ಮಾತ್ರ ದಾಖಲೆಯಲ್ಲಿ ಉಳಿಯುತ್ತದೆ. ಎನ್‌ಬಿಎ ಬ್ಲಾಕ್ (ಎಸೆತ ತಡೆದದ್ದು) ಮತ್ತು ಸ್ಟೀಲ್‌ಗಳನ್ನು (ಚೆಂಡು ಕಸಿದದ್ದು) ಅಧಿಕೃತವಾಗಿ ಬರೆದಿಡಲು ಆರಂಭಿಸಿದ್ದು 1973-74ರ ಋತುವಿನಲ್ಲಿ. ಅಷ್ಟು ಹೊತ್ತಿಗೆ ಬಿಲ್ ರಸೆಲ್ 13 ಋತುಗಳಲ್ಲಿ 11 ಬಾರಿ ಚಾಂಪಿಯನ್ ಆಗಿ, ನಿವೃತ್ತರಾಗಿ ನಾಲ್ಕು ವರ್ಷ ಕಳೆದಿತ್ತು. ಎದುರಾಳಿಗಳ ಎಸೆತವನ್ನು ತಡೆಯುವುದರಲ್ಲೇ ಹೆಸರು ಮಾಡಿದ ಆಟಗಾರನ ಬ್ಲಾಕ್ ಕಾಲಂ ಇಂದಿಗೂ ಖಾಲಿ. ಅಂಕಿಅಂಶಗಳಿಂದ ಆಟದ ಜೀವ ಹೋಗುತ್ತದೆ ಎನ್ನುವವರಿಗೆ ನಾನು ಈ ಖಾಲಿ ಕಾಲಂ ತೋರಿಸುತ್ತೇನೆ. ಎಣಿಸದೆ ಬಿಟ್ಟದ್ದರಿಂದ ನಮಗೆ ನಷ್ಟವೇ ಆಗಿದೆ.

ಲೆಕ್ಕ ಹಾಕುತ್ತ ಕುಳಿತರೆ ಆಟದ ಸೊಗಸು ಕೆಡುವುದಿಲ್ಲವೇ?

ಇದಕ್ಕೆ ಕೋಬಿ ಬ್ರಯಾಂಟ್ ಅವರ ಎರಡು ರಾತ್ರಿಗಳ ಮೂಲಕ ಉತ್ತರಿಸುತ್ತೇನೆ. 2006ರ ಜನವರಿ 22ರಂದು ಟೊರಾಂಟೊ ವಿರುದ್ಧ ಅವರು 81 ಅಂಕ ಗಳಿಸಿದರು. 2016ರ ಏಪ್ರಿಲ್ 13ರಂದು, ತಮ್ಮ ವೃತ್ತಿಜೀವನದ ಕೊನೆಯ ಪಂದ್ಯದಲ್ಲಿ, ಯೂಟಾ ವಿರುದ್ಧ 60 ಅಂಕ ಗಳಿಸಿದರು. ಎರಡೂ ಅದ್ಭುತ. ಆದರೆ 81ಕ್ಕೆ ಅವರು ಬಳಸಿದ್ದು 46 ಎಸೆತ ಮತ್ತು 20 ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಒಂದೊಂದು ಅಂಕದ, ಅಡ್ಡಿಯಿಲ್ಲದ ಎಸೆತ). 60ಕ್ಕೆ ಬಳಸಿದ್ದು 50 ಎಸೆತ ಮತ್ತು 12 ಫ್ರೀ ಥ್ರೋ. ಮುಂದೆ ವಿವರಿಸುವ ಟ್ರೂ ಶೂಟಿಂಗ್ ಎಂಬ ಅಳತೆಯಲ್ಲಿ ಮೊದಲನೆಯದು ಸುಮಾರು ಶೇ 74, ಎರಡನೆಯದು ಸುಮಾರು ಶೇ 54. ಶೇ 54 ಎಂದರೆ ಆ ವರ್ಷದ ಲೀಗ್ ಸರಾಸರಿಯ ಆಸುಪಾಸು.

ಇದನ್ನು ತಿಳಿದ ಮೇಲೆ ಕೊನೆಯ ಪಂದ್ಯದ ಬೆಲೆ ನನ್ನ ಮಟ್ಟಿಗೆ ಕಡಿಮೆಯಾಗಲಿಲ್ಲ. 37 ವರ್ಷದ, ಗಾಯಗಳಿಂದ ಜರ್ಜರಿತವಾದ ದೇಹವೊಂದು 50 ಬಾರಿ ಎಸೆಯುವ ಹೊರೆ ಹೊತ್ತು, ಕೊನೆಯ ಕ್ವಾರ್ಟರ್‌ನಲ್ಲೇ 23 ಅಂಕ ತಂದು, ಹಿಂದೆ ಬಿದ್ದಿದ್ದ ತಂಡವನ್ನು ಗೆಲ್ಲಿಸಿತು. ಅದು ಹಟದ ರಾತ್ರಿ. 81ರ ರಾತ್ರಿ ಪರಿಪೂರ್ಣತೆಯದು. ಎರಡರ ನಡುವಿನ ವ್ಯತ್ಯಾಸವನ್ನು ನನಗೆ ತೋರಿಸಿಕೊಟ್ಟದ್ದು ಸಂಖ್ಯೆ. ಅದಿಲ್ಲದಿದ್ದರೆ ಎರಡನ್ನೂ "ಎಂಥಾ ಆಟ!" ಎಂಬ ಒಂದೇ ಉದ್ಗಾರದಲ್ಲಿ ಮುಗಿಸಿಬಿಡುತ್ತಿದ್ದೆ.

ಎಲ್ಲಿಂದ ಆರಂಭಿಸಬೇಕು?

ಪೊಸೆಷನ್‌ನಿಂದ. ಚೆಂಡು ಒಂದು ತಂಡದ ವಶಕ್ಕೆ ಬಂದಾಗಿನಿಂದ ಎದುರಾಳಿಯ ವಶಕ್ಕೆ ಹೋಗುವವರೆಗಿನ ಅವಧಿ ಒಂದು ಪೊಸೆಷನ್. ಎಸೆದು ತಪ್ಪಿದ ಚೆಂಡನ್ನು ಅದೇ ತಂಡ ಮತ್ತೆ ಹಿಡಿದರೆ ಪೊಸೆಷನ್ ಮುಂದುವರಿಯುತ್ತದೆ. ಒಂದು ಪಂದ್ಯದಲ್ಲಿ ಎರಡೂ ತಂಡಗಳಿಗೆ ಸಿಗುವ ಪೊಸೆಷನ್‌ಗಳು ಹೆಚ್ಚುಕಡಿಮೆ ಸಮ, ಏಕೆಂದರೆ ಒಬ್ಬರದು ಮುಗಿದರೆ ಇನ್ನೊಬ್ಬರದು. ಹಾಗಾಗಿ ಆಟವೆಂದರೆ ಸಮಾನ ಸಂಖ್ಯೆಯ ಅವಕಾಶಗಳನ್ನು ಯಾರು ಚೆನ್ನಾಗಿ ಬಳಸುತ್ತಾರೆ ಎಂಬ ಸ್ಪರ್ಧೆ.

ಬಾಕ್ಸ್ ಸ್ಕೋರ್‌ನಿಂದಲೇ ಇದನ್ನು ಅಂದಾಜಿಸಬಹುದು. ತಂಡದ ಎಸೆತಗಳಿಂದ ಆಕ್ರಮಣದ ರೀಬೌಂಡ್‌ಗಳನ್ನು (ತನ್ನದೇ ತಪ್ಪಿದ ಎಸೆತವನ್ನು ಮತ್ತೆ ಹಿಡಿದದ್ದು) ಕಳೆದು, ಟರ್ನೋವರ್‌ಗಳನ್ನು (ಎಸೆಯುವ ಮೊದಲೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋಗಳ 0.44 ಪಾಲನ್ನು ಸೇರಿಸಿದರಾಯಿತು. ಒಂದು ತಂಡ 88 ಎಸೆತ, 10 ಆಕ್ರಮಣದ ರೀಬೌಂಡ್, 13 ಟರ್ನೋವರ್, 25 ಫ್ರೀ ಥ್ರೋ ದಾಖಲಿಸಿದೆ ಎಂದುಕೊಳ್ಳಿ. 88 - 10 + 13 + 11 = 102 ಪೊಸೆಷನ್. ಅಷ್ಟರಲ್ಲಿ 112 ಅಂಕ ಬಂದಿದ್ದರೆ 100 ಪೊಸೆಷನ್‌ಗೆ ಸುಮಾರು 110. ಇದೇ ಆಕ್ರಮಣದ ರೇಟಿಂಗ್. ಎದುರಾಳಿಗೆ ಬಿಟ್ಟುಕೊಟ್ಟದ್ದನ್ನು ಹೀಗೆಯೇ ಲೆಕ್ಕ ಹಾಕಿದರೆ ರಕ್ಷಣೆಯ ರೇಟಿಂಗ್ ಸಿಗುತ್ತದೆ.

ಅವಕಾಶಗಳನ್ನು ಎಣಿಸುವ ಈ ಆಲೋಚನೆ ಹೊಸದೇನಲ್ಲ. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು. ಇಡೀ ಪಂದ್ಯದ ಅಂಕಗಳು ಅಷ್ಟೇ! ಲೇಕರ್ಸ್‌ನ 18ರಲ್ಲಿ 15 ಜಾರ್ಜ್ ಮೈಕನ್ ಒಬ್ಬರದೇ. ಅವರಿಗೆ ಚೆಂಡು ಸಿಗದಂತೆ ಮಾಡಲು ಎದುರಾಳಿಗಳು ಚೆಂಡನ್ನು ಹಿಡಿದುಕೊಂಡೇ ನಿಂತರು. ಇಂಥ ಆಟದಿಂದ ಪ್ರೇಕ್ಷಕರು ಬೇಸತ್ತಾಗ ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಾಸೋನ್ ಒಂದು ಸರಳ ಲೆಕ್ಕ ಮಾಡಿದರು. ರೋಚಕವಾಗಿರುವ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಎಸೆತ ಎಸೆಯುತ್ತವೆ. ಪಂದ್ಯದ ಅವಧಿ 48 ನಿಮಿಷ, ಅಂದರೆ 2,880 ಸೆಕೆಂಡು. 2,880ನ್ನು 120ರಿಂದ ಭಾಗಿಸಿದರೆ 24. 1954-55ರಲ್ಲಿ 24 ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ಶಾಟ್ ಕ್ಲಾಕ್ ಬಂತು, ತಂಡವೊಂದರ ಸರಾಸರಿ ಅಂಕ ಒಂದೇ ವರ್ಷದಲ್ಲಿ 80ರ ಹತ್ತಿರದಿಂದ 93ಕ್ಕೆ ಏರಿತು. ಇಂದು ನಾವು ನೋಡುತ್ತಿರುವ ಆಟದ ವೇಗ ಒಂದು ಭಾಗಾಕಾರದಿಂದ ಹುಟ್ಟಿದ್ದು.

ಟ್ರೂ ಶೂಟಿಂಗ್ ಎಂದರೇನು?

ಹಳೆಯ ಎಸೆತದ ಶೇಕಡಾವಾರು ಎರಡು ಅಂಕದ ಎಸೆತವನ್ನೂ ದೂರದ ಗೆರೆಯ ಹೊರಗಿನಿಂದ ಎಸೆಯುವ ಮೂರು ಅಂಕದ ಎಸೆತವನ್ನೂ ಒಂದೇ ತೂಕದಲ್ಲಿ ಅಳೆಯುತ್ತದೆ, ಫ್ರೀ ಥ್ರೋವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಎರಡೂ ಕೊರತೆಗಳನ್ನು ಟ್ರೂ ಶೂಟಿಂಗ್ ತುಂಬುತ್ತದೆ. ಎಸೆತಗಳಿಗೆ ಫ್ರೀ ಥ್ರೋಗಳ 0.44 ಪಾಲನ್ನು ಕೂಡಿಸಿ, ಅದನ್ನು ದ್ವಿಗುಣಗೊಳಿಸಿ, ಬಂದದ್ದರಿಂದ ಅಂಕಗಳನ್ನು ಭಾಗಿಸಬೇಕು. ಕೋಬಿಯ 81ರ ಲೆಕ್ಕ ಹೀಗಿದೆ: 20 ಫ್ರೀ ಥ್ರೋಗಳ 0.44 ಪಾಲು 8.8. 46ಕ್ಕೆ ಸೇರಿಸಿದರೆ 54.8. ಅದರ ಎರಡರಷ್ಟು 109.6. 81ನ್ನು ಅದರಿಂದ ಭಾಗಿಸಿದರೆ 0.739.

ಮೂರು ಅಂಕದ ಎಸೆತಕ್ಕೆ ಹೆಚ್ಚಿನ ತೂಕ ಇರುವುದರಿಂದ ಇದು ಶೇ 100ನ್ನು ದಾಟಲೂಬಹುದು. 2015ರ ಜನವರಿ 23ರಂದು ಕ್ಲೇ ಥಾಂಪ್ಸನ್ ಸ್ಯಾಕ್ರಮೆಂಟೊ ವಿರುದ್ಧ ಒಂದೇ ಕ್ವಾರ್ಟರ್‌ನಲ್ಲಿ 37 ಅಂಕ ಗಳಿಸಿದರು. 13 ಎಸೆತಗಳಲ್ಲಿ 13, ಅದರಲ್ಲಿ ಒಂಬತ್ತು ಮೂರು ಅಂಕದವು, ಜೊತೆಗೆ ಎರಡು ಫ್ರೀ ಥ್ರೋ. ಆ ಹನ್ನೆರಡು ನಿಮಿಷಗಳ ಟ್ರೂ ಶೂಟಿಂಗ್ ಶೇ 133.

ಆ 0.44 ಎಲ್ಲಿಂದ ಬಂತು?

ಎಲ್ಲ ಫ್ರೀ ಥ್ರೋಗಳೂ ಜೋಡಿಯಾಗಿ ಬಂದಿದ್ದರೆ ಎರಡಕ್ಕೆ ಒಂದು ಪೊಸೆಷನ್, ಅಂದರೆ 0.5 ಆಗುತ್ತಿತ್ತು. ಆದರೆ ಬ್ಯಾಸ್ಕೆಟ್ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ, ಅಶಿಸ್ತಿನಂಥ ತಪ್ಪಿಗೆ ಕೊಡುವ ಟೆಕ್ನಿಕಲ್ ಫೌಲ್‌ನದು, ಮೂರು ಅಂಕದ ಎಸೆತದ ವೇಳೆ ಫೌಲ್ ಆದಾಗ ಸಿಗುವ ಮೂರು, ಇವೆಲ್ಲ ಸೇರಿ ಸರಾಸರಿಯನ್ನು ತಗ್ಗಿಸುತ್ತವೆ.

ಒಂದು ಪಂದ್ಯವನ್ನು ಬೇಗ ಅರ್ಥ ಮಾಡಿಕೊಳ್ಳಲು ಯಾವ ಸಂಖ್ಯೆ ನೋಡಬೇಕು?

ನಾಲ್ಕು ಸಂಖ್ಯೆಗಳನ್ನು. ಈ ಕ್ಷೇತ್ರದ ಆದ್ಯರಲ್ಲಿ ಒಬ್ಬರಾದ ಡೀನ್ ಆಲಿವರ್ ಗೆಲುವನ್ನು ನಿರ್ಧರಿಸುವ ನಾಲ್ಕು ಅಂಶಗಳನ್ನು ಗುರುತಿಸಿದರು: ಎಸೆತದ ಗುಣಮಟ್ಟ, ಟರ್ನೋವರ್, ಆಕ್ರಮಣದ ರೀಬೌಂಡ್, ಫ್ರೀ ಥ್ರೋ. ಅವರು ಕೊಟ್ಟ ತೂಕ ಕ್ರಮವಾಗಿ ಸುಮಾರು 40, 25, 20 ಮತ್ತು 15.

ಅರ್ಧ ಸಮಯದ ವಿರಾಮದಲ್ಲಿ ಈ ನಾಲ್ಕನ್ನು ಒಮ್ಮೆ ನೋಡಿ. ನಿಮ್ಮ ತಂಡ ಎಂಟು ಅಂಕ ಹಿಂದಿದೆ ಎಂದುಕೊಳ್ಳಿ. ಎದುರಾಳಿ ದೂರದಿಂದ ಎಸೆದದ್ದೆಲ್ಲ ಬೀಳುತ್ತಿದ್ದರೆ ಸ್ವಲ್ಪ ಸಮಾಧಾನವಿರಲಿ, ದ್ವಿತೀಯಾರ್ಧದಲ್ಲಿ ಅದು ಹಾಗೆಯೇ ಮುಂದುವರಿಯುವುದು ಕಷ್ಟ. ಆದರೆ ನಿಮ್ಮವರು ತಪ್ಪಿಸಿದ ಎದುರಾಳಿಯ ಎಸೆತಗಳೆಲ್ಲ ಮತ್ತೆ ಎದುರಾಳಿಯ ಕೈಗೇ ಸೇರುತ್ತಿದ್ದರೆ ಚಿಂತಿಸಬೇಕು. ಬ್ಯಾಸ್ಕೆಟ್ ಕೆಳಗೆ ಯಾರೋ ಯಾರನ್ನೋ ತಳ್ಳಿ ಜಾಗ ಹಿಡಿಯುತ್ತಿದ್ದಾರೆ, ಕೋಚ್ ಏನಾದರೂ ಬದಲಾಯಿಸದಿದ್ದರೆ ಅದು ನಿಲ್ಲುವುದಿಲ್ಲ. ಮೂರನೆಯ ಕ್ವಾರ್ಟರ್ ಶುರುವಾದಾಗ ನಿಮ್ಮ ಕಣ್ಣು ಎಲ್ಲಿ ಹೋಗಬೇಕೆಂದು ಆಗ ನಿಮಗೆ ಗೊತ್ತಿರುತ್ತದೆ. ವೀಕ್ಷಕ ವಿವರಣೆಗಾರರು ಹೇಳುವ ಮೊದಲೇ "ದೊಡ್ಡ ಆಟಗಾರನನ್ನು ಅಂಕಣಕ್ಕೆ ಇಳಿಸಿದರು ನೋಡಿ" ಎಂದು ಗುರುತಿಸುವ ಸಂತೋಷ ಬೇರೆಯೇ.

ರೀಬೌಂಡ್ ಹಿಡಿದವನಿಗೇ ಅದರ ಶ್ರೇಯಸ್ಸು ಸಲ್ಲಬೇಕಲ್ಲವೇ?

ಯಾವಾಗಲೂ ಅಲ್ಲ. 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಪಂದ್ಯಕ್ಕೆ ಸರಾಸರಿ 31.6 ಅಂಕ, 10.7 ರೀಬೌಂಡ್, 10.4 ಅಸಿಸ್ಟ್ ಗಳಿಸಿ ಎಂವಿಪಿ (ಋತುವಿನ ಅತ್ಯಮೂಲ್ಯ ಆಟಗಾರ) ಆದರು. ಅದೇ ಹೊತ್ತಿಗೆ ಕ್ಯಾಮೆರಾಗಳು ಪೈಪೋಟಿಯಲ್ಲಿ ಹಿಡಿದ ರೀಬೌಂಡ್ ಯಾವುದು, ಸುತ್ತ ಎದುರಾಳಿಯೇ ಇಲ್ಲದಾಗ ಹಿಡಿದದ್ದು ಯಾವುದು ಎಂದು ಬೇರ್ಪಡಿಸಲು ಆರಂಭಿಸಿದ್ದವು. ಆಗ ಜನರ ಗಮನ ಅವರದೇ ತಂಡದ ಸ್ಟೀವನ್ ಆಡಮ್ಸ್ ಕಡೆ ತಿರುಗಿತು. ಆಡಮ್ಸ್ ಎದುರಾಳಿಯ ದೈತ್ಯನಿಗೆ ಬೆನ್ನು ಕೊಟ್ಟು ಅವನನ್ನು ಬ್ಯಾಸ್ಕೆಟ್‌ನಿಂದ ದೂರ ಒತ್ತಿ ಹಿಡಿಯುತ್ತಿದ್ದರು. ಚೆಂಡು ವೆಸ್ಟ್‌ಬ್ರೂಕ್ ಕೈಗೆ ಬೀಳುತ್ತಿತ್ತು, ಅವರು ಅಲ್ಲಿಂದಲೇ ಓಟ ಕಿತ್ತು ವೇಗದ ದಾಳಿ ಆರಂಭಿಸುತ್ತಿದ್ದರು. ತಂಡಕ್ಕೆ ಅದು ಒಳ್ಳೆಯ ಯೋಜನೆ. ವೆಸ್ಟ್‌ಬ್ರೂಕ್ ಅವರ ಸಾಧನೆಯನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ಆಡಮ್ಸ್ ಅವರ ದುಡಿಮೆಗೆ ಒಂದು ಕಾಲಂ ಬೇಕಿತ್ತು, ಅದು ತಡವಾಗಿಯಾದರೂ ಸಿಕ್ಕಿತು. ಏಳು ಅಡಿಯ ಬ್ರೂಕ್ ಲೋಪೆಜ್ ಅವರ ಹೆಸರಿನ ಮುಂದೆ ರೀಬೌಂಡ್ ಕಡಿಮೆಯಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಮುಂದಿನ ಪಂದ್ಯದಲ್ಲಿ ಎಸೆತ ಕೈಬಿಟ್ಟ ಕೂಡಲೇ ಚೆಂಡನ್ನು ನೋಡದೆ ಕೆಳಗಿನ ಬೆನ್ನುಗಳನ್ನು ನೋಡಿ.

ಎಲ್ಲರೂ ಮೂರು ಅಂಕಕ್ಕೇ ಎಸೆಯುವಂತಾಗಿದೆ. ಆಟವನ್ನು ಕೆಡಿಸಿದ್ದು ಈ ಲೆಕ್ಕಾಚಾರವೇ ತಾನೇ?

ಈ ದೂರಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಎರಡು ಅಂಕದ ದೂರದ ಎಸೆತ ಶೇ 40 ಬಿದ್ದರೆ ಎಸೆತಕ್ಕೆ 0.8 ಅಂಕ. ಮೂರು ಅಂಕದ್ದು ಶೇ 36 ಬಿದ್ದರೂ 1.08. ಈ ಲೆಕ್ಕವನ್ನು ಒಮ್ಮೆ ಕಂಡ ಕೋಚ್ ಅದನ್ನು ಮರೆಯಲಾರ. 1979-80ರಲ್ಲಿ ಮೂರು ಅಂಕದ ಗೆರೆ ಎನ್‌ಬಿಎಗೆ ಬಂದಾಗ ಒಂದು ತಂಡ ಪಂದ್ಯಕ್ಕೆ ಮೂರು ಬಾರಿಯೂ ಅಲ್ಲಿಂದ ಎಸೆಯುತ್ತಿರಲಿಲ್ಲ. 2017-18ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡದ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂರು ಅಂಕದವೇ ಆಗಿದ್ದವು.

ಅದೇ ರಾಕೆಟ್ಸ್ 2018ರ ಮೇ 28ರಂದು ಗೋಲ್ಡನ್ ಸ್ಟೇಟ್ ವಿರುದ್ಧ ಸರಣಿಯ ನಿರ್ಣಾಯಕ ಏಳನೆಯ ಪಂದ್ಯದಲ್ಲಿ ಅರ್ಧ ಸಮಯಕ್ಕೆ 11 ಅಂಕ ಮುಂದಿದ್ದು, ಆಮೇಲೆ ಸೋತಿತು. ಪಂದ್ಯದ ನಡುವೆ ಸತತವಾಗಿ 27 ಮೂರು ಅಂಕದ ಎಸೆತಗಳು ತಪ್ಪಿದವು. ಪ್ರತಿ ಎಸೆತ ಬೀಳುವ ಸಂಭವ ಶೇ 36 ಎಂದು ಹಿಡಿದರೆ, 27 ಸತತವಾಗಿ ತಪ್ಪುವ ಸಂಭವ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಇಲ್ಲಿ ನಾನು ನಿಂತು ಯೋಚಿಸುತ್ತೇನೆ. ಅಷ್ಟು ಅಪರೂಪದ್ದು ನಡೆದಿದ್ದರೆ ಶೇ 36 ಎಂಬ ಊಹೆಯನ್ನೇ ಆ ರಾತ್ರಿಗೆ ಅನ್ವಯಿಸಬಾರದೇನೋ. ರಾಕೆಟ್ಸ್‌ನ ಕ್ರಿಸ್ ಪಾಲ್ ಗಾಯಗೊಂಡು ಹೊರಗಿದ್ದರು, ಉಳಿದವರ ಕಾಲುಗಳು ದಣಿದಿದ್ದವು, ಎದುರಿಗಿದ್ದ ರಕ್ಷಣೆ ಬಿಗಿಯಾಗಿತ್ತು. ಸರಾಸರಿ ಎಂಬುದು ನೂರಾರು ಬಗೆಯ ರಾತ್ರಿಗಳನ್ನು ಕಲಸಿ ಬಂದದ್ದು. ಆ ಒಂದು ರಾತ್ರಿ ಅದಕ್ಕಿಂತ ಎಷ್ಟು ಭಿನ್ನವಾಗಿತ್ತು ಎಂಬುದನ್ನು ನೋಡಲು ಕಣ್ಣೇ ಬೇಕು.

ಮಧ್ಯಮ ದೂರದ ಎಸೆತ ಸತ್ತಿಲ್ಲ ಎಂಬುದನ್ನೂ ಹೇಳಬೇಕು. ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತುಗಳಲ್ಲಿ, ಬ್ಯಾಸ್ಕೆಟ್ ಬಳಿಯನ್ನೂ ಗೆರೆಯ ಹೊರಗನ್ನೂ ಎದುರಾಳಿ ಮುಚ್ಚಿದಾಗ ಉಳಿಯುವುದು ಅದೊಂದೇ. ಆಗ ಕೆವಿನ್ ಡ್ಯೂರಾಂಟ್ ಅಂಥವರ ಬೆಲೆ ತಿಳಿಯುತ್ತದೆ. 2021ರ ಜೂನ್ 19ರಂದು ಮಿಲ್ವಾಕಿ ವಿರುದ್ಧ ಏಳನೆಯ ಪಂದ್ಯದ ಕೊನೆಯ ಕ್ಷಣದಲ್ಲಿ ಅವರು ತಿರುಗಿ ಎಸೆದ ಚೆಂಡು ಒಳಗೆ ಬಿತ್ತು, ಆದರೆ ಶೂವಿನ ತುದಿ ಗೆರೆಯನ್ನು ಮುಟ್ಟಿತ್ತು. ಮೂರರ ಬದಲು ಎರಡು ಅಂಕ. ಪಂದ್ಯ 109-109ರಲ್ಲಿ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು, ಮಿಲ್ವಾಕಿ ಗೆದ್ದಿತು, ಮುಂದೆ ಚಾಂಪಿಯನ್ನೂ ಆಯಿತು.

ಮೂಲೆಯಿಂದ ಎಸೆಯುವ ಮೂರು ಅಂಕಕ್ಕೆ ಏಕಷ್ಟು ಮಹತ್ವ?

ಅದು ಹತ್ತಿರ. ಎನ್‌ಬಿಎಯಲ್ಲಿ ಗೆರೆ ಎದುರಿನಿಂದ 23 ಅಡಿ 9 ಅಂಗುಲ ದೂರದಲ್ಲಿದ್ದರೆ ಮೂಲೆಯಲ್ಲಿ 22 ಅಡಿ ಮಾತ್ರ. ಬೆಲೆ ಅದೇ ಮೂರು ಅಂಕ. ತೊಂದರೆಯೆಂದರೆ ಗೆರೆಗೂ ಅಂಕಣದ ಅಂಚಿಗೂ ನಡುವೆ ಇರುವುದು ಮೂರೇ ಅಡಿ.

2013ರ ಫೈನಲ್ಸ್‌ನ ಆರನೆಯ ಪಂದ್ಯವನ್ನು ಇದನ್ನು ನೆನಪಿಟ್ಟುಕೊಂಡು ಮತ್ತೊಮ್ಮೆ ನೋಡಿ. ಮಯಾಮಿ ಮೂರು ಅಂಕ ಹಿಂದಿತ್ತು, ಸೋತರೆ ಸರಣಿಯೇ ಮುಗಿಯುತ್ತಿತ್ತು. ಸ್ಯಾನ್ ಆಂಟೋನಿಯೊ ತಂಡ ದೂರದ ಎಸೆತಗಳನ್ನು ತಡೆಯಲೆಂದು ಟಿಮ್ ಡಂಕನ್ ಅವರನ್ನು ಬೆಂಚಿನ ಮೇಲೆ ಕೂರಿಸಿತ್ತು. ಲೆಬ್ರಾನ್ ಜೇಮ್ಸ್ ಎಸೆತ ತಪ್ಪಿತು. ಡಂಕನ್ ಇಲ್ಲದ ಜಾಗದಲ್ಲಿ ಕ್ರಿಸ್ ಬಾಷ್ ಚೆಂಡನ್ನು ಹಿಡಿದರು. ಆ ಹೊತ್ತಿಗೆ ಬ್ಯಾಸ್ಕೆಟ್ ಬಳಿಯಿದ್ದ ರೇ ಅಲೆನ್ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ, ಕೆಳಗೆ ನೋಡದೆ, ಬಲಮೂಲೆಯ ಆ ಮೂರಡಿ ಜಾಗದಲ್ಲಿ ಎರಡೂ ಪಾದಗಳನ್ನು ಊರಿ ಎಸೆದರು. 5.2 ಸೆಕೆಂಡು ಬಾಕಿ, 95-95. ಆಕ್ರಮಣದ ರೀಬೌಂಡ್‌ನ ಬೆಲೆ, ಯಾರನ್ನು ಆಡಿಸಬೇಕೆಂಬ ತೀರ್ಮಾನದ ಬೆಲೆ, ಮೂಲೆಯ ಗೆರೆಯ ಬೆಲೆ, ಮೂರೂ ಆ ಕೆಲವೇ ಸೆಕೆಂಡುಗಳಲ್ಲಿವೆ. ಅಲೆನ್ ಅವರ ಹೆಜ್ಜೆಗಳನ್ನು ನೋಡಲೆಂದೇ ನಾನು ಆ ದೃಶ್ಯಕ್ಕೆ ಮತ್ತೆ ಮತ್ತೆ ಹೋಗುತ್ತೇನೆ.

ಪ್ಲಸ್-ಮೈನಸ್ ಅನ್ನು ನಂಬಬಹುದೇ?

ಒಂದೇ ಪಂದ್ಯದ್ದನ್ನು ನಂಬಬೇಡಿ. ಆಟಗಾರ ಅಂಕಣದಲ್ಲಿದ್ದಾಗ ತಂಡ ಎಷ್ಟು ಅಂಕಗಳಿಂದ ಮುಂದೆ ಹೋಯಿತು ಅಥವಾ ಹಿಂದೆ ಬಿತ್ತು ಎಂಬುದನ್ನು ಅದು ಹೇಳುತ್ತದೆ. ಅವನ ಜೊತೆಗೆ ನಾಲ್ವರು, ಎದುರಿಗೆ ಐವರು ಇದ್ದರು ಎಂಬುದನ್ನು ಮರೆತುಬಿಡುತ್ತದೆ. ಸಹ ಆಟಗಾರರ, ಎದುರಾಳಿಗಳ ಪ್ರಭಾವವನ್ನು ಬೇರ್ಪಡಿಸಲು ಸಾವಿರಾರು ಪೊಸೆಷನ್‌ಗಳ ದಾಖಲೆ ಬೇಕು. ಹಾಗೆ ಸರಿಪಡಿಸಿದ ಪ್ಲಸ್-ಮೈನಸ್ ಮಾತ್ರ ನನ್ನ ಮಟ್ಟಿಗೆ ಗಂಭೀರವಾದದ್ದು.

ಅದರಿಂದ ಬೆಳಕಿಗೆ ಬಂದವರಲ್ಲಿ ಶೇನ್ ಬ್ಯಾಟಿಯರ್ ನನಗೆ ಅಚ್ಚುಮೆಚ್ಚು. ಅಂಕ ಕಡಿಮೆ, ರೀಬೌಂಡ್ ಕಡಿಮೆ, ವೇಗವೂ ಅಷ್ಟಕ್ಕಷ್ಟೇ. ಆದರೆ ಅವರು ಅಂಕಣದಲ್ಲಿದ್ದಾಗ ಅವರ ತಂಡ ಚೆನ್ನಾಗಿ ಆಡುತ್ತಿತ್ತು. ಎದುರಾಳಿ ಎಲ್ಲಿಂದ ಎಸೆದರೆ ಕಡಿಮೆ ಬೀಳುತ್ತದೆ ಎಂದು ಓದಿಕೊಂಡು ಬಂದು, ಅವನನ್ನು ಅಲ್ಲಿಗೇ ನೂಕಿ, ಎಸೆಯುವ ಕ್ಷಣದಲ್ಲಿ ಕಣ್ಣೆದುರು ಅಂಗೈ ಹಿಡಿಯುತ್ತಿದ್ದರು. ಇದು ಯಾವ ಕಾಲಂನಲ್ಲೂ ಬರುವುದಿಲ್ಲ. ಬರುವುದು ಎದುರಾಳಿಯ ತಪ್ಪಿದ ಎಸೆತದ ಕಾಲಂನಲ್ಲಿ.

ರಕ್ಷಣೆಯನ್ನು ಅಳೆಯಲು ಸಾಧ್ಯವೇ?

ಆಕ್ರಮಣದಷ್ಟು ಚೆನ್ನಾಗಿ ಇಲ್ಲ. 2013-14ರಿಂದ ಎನ್‌ಬಿಎಯ ಎಲ್ಲ ಅಂಕಣಗಳ ಮೇಲೆ ಆರು ಕ್ಯಾಮೆರಾಗಳು ಸೆಕೆಂಡಿಗೆ 25 ಬಾರಿ ಪ್ರತಿ ಆಟಗಾರನ ಜಾಗವನ್ನು ಗುರುತಿಸತೊಡಗಿದವು. 2023-24ರಿಂದ ಬಂದ ಹೊಸ ವ್ಯವಸ್ಥೆ ಮೈಯ ಹಲವು ಬಿಂದುಗಳನ್ನೇ ಹಿಂಬಾಲಿಸುತ್ತದೆ. ರಕ್ಷಣೆಗೆ ಹೆಸರಾದ ರೂಡಿ ಗೋಬೇರ್ ಬ್ಯಾಸ್ಕೆಟ್ ಬಳಿ ಇದ್ದಾಗ ಎದುರಾಳಿಗಳ ಎಸೆತ ಎಷ್ಟು ಬೀಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಅವರನ್ನು ಕಂಡು ಒಳಗೆ ನುಗ್ಗದೆ ಹಿಂದೆ ಸರಿದವನ ಲೆಕ್ಕ ಹೇಗೆ ಇಡುವುದು? ನಡೆಯದೇ ಹೋದ ಎಸೆತವನ್ನು ಎಣಿಸುವುದು ಕಷ್ಟ. ಅದನ್ನು ನೀವೇ ನೋಡಬೇಕು: ಚೆಂಡು ಹಿಡಿದವನು ಒಳಗೆ ಎರಡು ಹೆಜ್ಜೆ ಇಟ್ಟು ತಲೆಯೆತ್ತಿ, ಮನಸ್ಸು ಬದಲಿಸಿ ಹೊರಗೆ ಪಾಸ್ ಮಾಡುವ ಕ್ಷಣ.

ಸ್ಟೀಫನ್ ಕರಿ ವಿಷಯದಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. 2015-16ರಲ್ಲಿ 402 ಮೂರು ಅಂಕದ ಎಸೆತಗಳನ್ನು ಬ್ಯಾಸ್ಕೆಟ್‌ಗೆ ಹಾಕಿದ ಆಟಗಾರ ಚೆಂಡಿಲ್ಲದೆ ಓಡಿದರೂ ಇಬ್ಬರು ಅವರ ಹಿಂದೆ ಹೋಗುತ್ತಾರೆ. ಬ್ಯಾಸ್ಕೆಟ್ ಕೆಳಗೆ ಇನ್ನೊಬ್ಬ ಒಂಟಿಯಾಗಿ ನಿಂತು ಸುಲಭದ ಎರಡು ಅಂಕ ಗಳಿಸುತ್ತಾನೆ. ಅಸಿಸ್ಟ್ ಪಾಸ್ ಕೊಟ್ಟವನಿಗೆ ಹೋಗುತ್ತದೆ.

"ಕೈ ಕುದುರಿದೆ" ಎನ್ನುತ್ತಾರಲ್ಲ, ಅದು ಭ್ರಮೆ ಎಂದು ಸಾಬೀತಾಗಿದೆಯಂತೆ?

ಸಾಬೀತಾಗಿದೆ ಎಂದು ಮೂರು ದಶಕ ನಂಬಲಾಗಿತ್ತು. 1985ರಲ್ಲಿ ಗಿಲೋವಿಚ್, ವ್ಯಾಲೋನ್ ಮತ್ತು ಟ್ವರ್ಸ್ಕಿ ಫಿಲಡೆಲ್ಫಿಯಾ ತಂಡದ ಎಸೆತಗಳನ್ನೂ ಬಾಸ್ಟನ್ ತಂಡದ ಫ್ರೀ ಥ್ರೋಗಳನ್ನೂ ಕಾರ್ನೆಲ್ ವಿಶ್ವವಿದ್ಯಾಲಯದ ಆಟಗಾರರನ್ನೂ ಪರೀಕ್ಷಿಸಿ, ಹಿಂದಿನ ಎಸೆತ ಬಿದ್ದದ್ದರಿಂದ ಮುಂದಿನದು ಬೀಳುವ ಸಂಭವ ಹೆಚ್ಚುವುದಿಲ್ಲ ಎಂದರು. 2018ರಲ್ಲಿ ಮಿಲ್ಲರ್ ಮತ್ತು ಸಾಂಹುರ್ಹೊ ಎಂಬ ಅರ್ಥಶಾಸ್ತ್ರಜ್ಞರು ಆ ಲೆಕ್ಕದ ವಿಧಾನದಲ್ಲೇ ಸೂಕ್ಷ್ಮವಾದ ದೋಷವಿದೆ ಎಂದು ತೋರಿಸಿದರು.

ದೋಷವನ್ನು ನೀವೇ ಪರೀಕ್ಷಿಸಬಹುದು. ನಾಣ್ಯವನ್ನು ಮೂರು ಬಾರಿ ಚಿಮ್ಮಿದರೆ ಎಂಟು ಸಾಧ್ಯತೆಗಳಿವೆ. ಪ್ರತಿಯೊಂದರಲ್ಲೂ "ತಲೆ ಬಿದ್ದ ಮರುಕ್ಷಣ ಮತ್ತೆ ತಲೆ ಬಿದ್ದ ಪ್ರಮಾಣ" ಬರೆದುಕೊಳ್ಳಿ. ಎರಡು ಸಾಲುಗಳಲ್ಲಿ ಮೊದಲೆರಡು ಬಾರಿ ತಲೆಯೇ ಬೀಳುವುದಿಲ್ಲ, ಅವನ್ನು ಬಿಡಬೇಕು. ಉಳಿದ ಆರರಲ್ಲಿ ತಲೆ-ತಲೆ-ತಲೆಗೆ 1, ತಲೆ-ತಲೆ-ಬಾಲಕ್ಕೆ ಅರ್ಧ, ಬಾಲ-ತಲೆ-ತಲೆಗೆ 1, ಮಿಕ್ಕ ಮೂರಕ್ಕೆ ಸೊನ್ನೆ. ಮೊತ್ತ 2.5. ಆರರಿಂದ ಭಾಗಿಸಿದರೆ ಸುಮಾರು ಶೇ 42. ಯಾವ ಮೋಸವೂ ಇಲ್ಲದ ನಾಣ್ಯ ಈ ವಿಧಾನದಲ್ಲಿ ಶೇ 50 ಕೊಡುವುದಿಲ್ಲ! ಹಾಗಾದರೆ ಆಟಗಾರನೊಬ್ಬ ಸತತ ಎಸೆತಗಳ ನಂತರವೂ ತನ್ನ ಮಾಮೂಲಿ ಶೇಕಡಾವಾರನ್ನೇ ಉಳಿಸಿಕೊಂಡಿದ್ದರೆ ಅವನ ಕೈ ನಿಜಕ್ಕೂ ಸ್ವಲ್ಪ ಕುದುರಿತ್ತು ಎಂದೇ ಅರ್ಥ. ಈ ದೋಷವನ್ನು ತಿದ್ದಿ ನೋಡಿದಾಗ ಕಾರ್ನೆಲ್ ಪ್ರಯೋಗದಲ್ಲೂ ಕೈ ಕುದುರಿದ್ದರ ಗುರುತು ಸಿಕ್ಕಿತು.

ಆಟಗಾರರು ಮೊದಲಿಂದಲೂ ಹೇಳುತ್ತಿದ್ದ ಮಾತಿಗೆ ಸಂಖ್ಯೆಗಳೇ ಹಿಂದಿರುಗಿ ಬಂದು ಬೆಂಬಲ ಕೊಟ್ಟ ಈ ಕಥೆ ನನಗೆ ಬಹಳ ಪ್ರಿಯ.

ಅತ್ಯುತ್ತಮ ಆಟಗಾರ ಯಾರೆಂದು ಒಂದೇ ಸಂಖ್ಯೆಯಲ್ಲಿ ಹೇಳಬಹುದೇ?

ಪ್ರಯತ್ನಗಳಾಗಿವೆ. ಜಾನ್ ಹಾಲಿಂಜರ್ ರೂಪಿಸಿದ ಪಿಇಆರ್, ಬಾಕ್ಸ್ ಸ್ಕೋರ್‌ನ ಅಂಕಿಗಳನ್ನು ಒಂದೇ ಸಂಖ್ಯೆಗೆ ಇಳಿಸುತ್ತದೆ; ಅದರಲ್ಲಿ ಲೀಗ್ ಸರಾಸರಿ ಸದಾ 15. 2021-22ರಲ್ಲಿ ನಿಕೋಲಾ ಯೋಕಿಚ್ 32 ದಾಟಿದರು. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಆಯ್ಕೆಯಾದ ಆಟಗಾರ ಅವರು. ಒಂದೇ ಸಂಖ್ಯೆ ಚರ್ಚೆ ಆರಂಭಿಸಲು ಒಳ್ಳೆಯದು. ಅದರಿಂದಲೇ ಚರ್ಚೆ ಮುಗಿಸುವವರ ಜೊತೆ ಪಂದ್ಯ ನೋಡಲು ನನಗಿಷ್ಟವಿಲ್ಲ.

ಹಳೆಯ ದಾಖಲೆಗಳನ್ನು ಇಂದಿನವರ ಜೊತೆ ಹೋಲಿಸುವುದು ಹೇಗೆ?

ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 1961-62ರಲ್ಲಿ ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. ಆಗ ಪ್ರತಿ ತಂಡ ಪಂದ್ಯಕ್ಕೆ ನೂರಕ್ಕೂ ಹೆಚ್ಚು ಬಾರಿ ಎಸೆಯುತ್ತಿತ್ತು. ಇಂದು ಅದು 90ರ ಆಸುಪಾಸು. ಹಾಗಾಗಿ 50.4ನ್ನು ಇಂದಿನ ಪಂದ್ಯಕ್ಕೆ ಇಳಿಸಿದರೆ ಕಡಿಮೆಯಾಗುತ್ತದೆ. ಆದರೆ ಅದೇ ಋತುವಿನ ಇನ್ನೊಂದು ಸಂಖ್ಯೆ ನೋಡಿ: ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದರು. ಪಂದ್ಯ ಇರುವುದೇ 48 ನಿಮಿಷ. ಹೆಚ್ಚುವರಿ ಅವಧಿಗಳೂ ಸೇರಿದ್ದರಿಂದ ಹಾಗಾಯಿತು. ಒಂದು ಸಂಖ್ಯೆಯ ಹೊಳಪು ತಗ್ಗಿದರೆ ಇನ್ನೊಂದರ ಹೊಳಪು ಏರುತ್ತದೆ.

ಶಕೀಲ್ ಓನೀಲ್ ಅವರಿಗೆ ಬೇಕೆಂದೇ ಫೌಲ್ ಮಾಡುತ್ತಿದ್ದದ್ದು ಜಾಣತನವೇ?

ಫ್ರೀ ಥ್ರೋದಲ್ಲಿ ಅವರು ದುರ್ಬಲರೆಂದು ಎದುರಾಳಿಗಳು ಹಾಗೆ ಮಾಡುತ್ತಿದ್ದರು. ಅವರ ವೃತ್ತಿಜೀವನದ ಫ್ರೀ ಥ್ರೋ ಪ್ರಮಾಣ ಶೇ 52.7. ಎರಡು ಫ್ರೀ ಥ್ರೋಗೆ ಸರಾಸರಿ 1.05 ಅಂಕ. ಆ ಕಾಲದ ಸಾಮಾನ್ಯ ಪೊಸೆಷನ್‌ನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ದೊಡ್ಡ ಲಾಭವಿಲ್ಲ, ಫೌಲ್‌ಗಳು ಮಾತ್ರ ಖರ್ಚು. ಬ್ಯಾಸ್ಕೆಟ್ ಬಳಿ ಅವರ ಕೈಗೆ ಚೆಂಡು ಸಿಕ್ಕಮೇಲೆ ಮಾಡಿದರೆ ಅರ್ಥವಿದೆ, ಏಕೆಂದರೆ ಅಲ್ಲಿಂದ ಅವರ ಎಸೆತ ತಪ್ಪುತ್ತಿದ್ದದ್ದು ಕಡಿಮೆ.

ಎಷ್ಟು ಪಂದ್ಯಗಳ ನಂತರ ಒಂದು ಸಂಖ್ಯೆಯನ್ನು ನಂಬಬಹುದು?

ಸಂಖ್ಯೆಯನ್ನು ಅವಲಂಬಿಸಿದೆ. ಮೂರು ಅಂಕದ ಶೇಕಡಾವಾರು ನೆಲೆಗೊಳ್ಳಲು ನೂರಾರು ಎಸೆತ ಬೇಕು. ದೀರ್ಘಕಾಲ ಶೇ 36 ಹಾಕುವ ಒಳ್ಳೆಯ ಆಟಗಾರನೂ ಹತ್ತು ಎಸೆತಗಳಲ್ಲಿ ಒಂದನ್ನೋ ಸೊನ್ನೆಯನ್ನೋ ಹಾಕುವ ಸಂಭವ ನೂರಕ್ಕೆ ಏಳೆಂಟು. ಹಾಗಾಗಿ ಒಂದು ಕೆಟ್ಟ ರಾತ್ರಿಗೆ ಅವನನ್ನು ಬೈಯಬೇಡಿ. ಆದರೆ ಯಾರು ಎಲ್ಲಿಂದ ಎಸೆಯುತ್ತಾರೆ, ತಂಡ ಎಷ್ಟು ವೇಗವಾಗಿ ಆಡುತ್ತದೆ ಎಂಬಂಥ ಅಭ್ಯಾಸಗಳು ಕೆಲವೇ ಪಂದ್ಯಗಳಲ್ಲಿ ಕಾಣಿಸಿಕೊಳ್ಳುತ್ತವೆ. ಋತುವಿನ ಆರಂಭದಲ್ಲಿ ನಾನು ಹುಡುಕುವುದು ಅವನ್ನೇ.

ಎನ್‌ಬಿಎ ಹೊರಗಿನ ಪಂದ್ಯಗಳಿಗೂ ಇವೆಲ್ಲ ಅನ್ವಯಿಸುತ್ತವೆಯೇ?

ಖಂಡಿತ. ಅಂತರರಾಷ್ಟ್ರೀಯ ನಿಯಮದ ಪಂದ್ಯ 40 ನಿಮಿಷದ್ದು, ಗೆರೆ 6.75 ಮೀಟರ್ ದೂರದ್ದು. ಆದ್ದರಿಂದ ಪಂದ್ಯಕ್ಕೆ ಇಷ್ಟು ಎಂಬ ಸರಾಸರಿಗಳನ್ನು ಬಿಟ್ಟು 100 ಪೊಸೆಷನ್‌ಗೆ ಇಷ್ಟು ಎಂಬುದನ್ನು ಬಳಸಿ. ಕ್ಯಾಮೆರಾಗಳಿಲ್ಲದ ಶಾಲಾ ಪಂದ್ಯದಲ್ಲೂ ಒಂದು ಪೆನ್ನು, ಒಂದು ಹಾಳೆ ಇದ್ದರೆ ಆಲಿವರ್ ಅವರ ನಾಲ್ಕು ಅಂಶಗಳನ್ನು ಎಣಿಸಬಹುದು.